ಏಳು ಭಾಷೆಯಲ್ಲೊಂದು ಊಟದ ಕರೆ

"ನೋಡ್ತಾ ಇರು! ಭೂಮಿ ಹುಟ್ಟಿದಾಗಿನಿಂದ ಯಾರೂ ಯಾರನ್ನೂ ಊಟಕ್ಕೆ ಇಷ್ಟು ಕರಾರುವಾಕ್ಕಾಗಿ ಕರೆದಿರಬಾರದು, ಹಾಗೆ ಕರೀತೀನಿ!"

ಮಿಲಿಗ್ರಾಂ ಸಾಹೇಬರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೀಗೆ ಘೋಷಣೆ ಹೊರಡಿಸಿದಾಗ ಅವರ ಹೆಂಡತಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ಗಂಡನ ಘೋಷಣೆಗಳಿಗೆ ತಲೆ ಎತ್ತುವುದನ್ನು ಆಕೆ ಮದುವೆಯಾದ ಮೂರನೇ ವರ್ಷಕ್ಕೇ ಬಿಟ್ಟಿದ್ದಳು.

"ಕರೆಯೋದು ಇರಲಿ ರೀ. ಅವರು ಬರಬೇಕಲ್ಲ?"

"ಬರದೆ ಏನು ಮಾಡ್ತಾರೆ? ಕರೆಯೋ ಹಾಗೆ ಕರೆದರೆ ಕಲ್ಲೂ ಎದ್ದು ಬರುತ್ತೆ."

"ಹೆಡ್ ಸಿಸ್ಟರ್ ಕಲ್ಲಿಗಿಂತ ಗಟ್ಟಿ," ಎಂದಳು ಹೆಂಡತಿ.

ಮಿಲಿಗ್ರಾಂ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಆಫೀಸಿನವರು ಇಟ್ಟದ್ದು. ಅಂಗಡಿಗಳ ತಕ್ಕಡಿ, ತೂಕದ ಕಲ್ಲು ಸರಿಯಾಗಿವೆಯೇ ಎಂದು ಪರೀಕ್ಷಿಸಿ ಮುದ್ರೆ ಒತ್ತುವ ಪ್ರಯೋಗಾಲಯದಲ್ಲಿ ಅವರದು ಇಪ್ಪತ್ತೆರಡು ವರ್ಷದ ಸೇವೆ. ಗಾಳಿಗೆ ತಕ್ಕಡಿ ಅಲುಗೀತು ಎಂದು ಫ್ಯಾನ್ ಆರಿಸಿ, ಬೆವರು ತೊಟ್ಟಿಕ್ಕೀತು ಎಂದು ಹಣೆಗೆ ಕರವಸ್ತ್ರ ಕಟ್ಟಿ, ಉಸಿರು ಬಿಗಿಹಿಡಿದು ತೂಗುವ ಮಹಾನುಭಾವರು. ಒಮ್ಮೆ ಉಸಿರು ಹಿಡಿದೇ ಹಿಡಿದು ಕುರ್ಚಿಯಿಂದ ಜಾರಿ ಬಿದ್ದದ್ದೂ ಉಂಟು. ಬೀಳುವಾಗಲೂ ತಕ್ಕಡಿಗೆ ಕೈ ತಾಗಿಸಲಿಲ್ಲ ಎಂಬುದನ್ನು ಆಫೀಸಿನಲ್ಲಿ ಇವತ್ತಿಗೂ ಅಭಿಮಾನದಿಂದ ಹೇಳುತ್ತಾರೆ.

ಇವರು ನೆಲೆಸಿದ್ದ ಪರದೇಶದ ಊರಿನ ಆಸ್ಪತ್ರೆಯಲ್ಲಿ ಹೆಂಡತಿ ನರ್ಸ್. ಆ ವಾರ್ಡೆಂದರೆ ಒಂದು ಪುಟ್ಟ ಪ್ರಪಂಚ. ಒಬ್ಬೊಬ್ಬರದು ಒಂದೊಂದು ದೇಶ. ಕೆಲಸದ ಮಾತೆಲ್ಲ ಆಸ್ಪತ್ರೆಯ ಭಾಷೆಯಲ್ಲಿ. ಬೆರಳಿಗೆ ಸೂಜಿ ಚುಚ್ಚಿಕೊಂಡರೆ ಮಾತ್ರ ಒಬ್ಬೊಬ್ಬರ ಬಾಯಲ್ಲೂ ಅವರವರ ತಾಯ್ನುಡಿ. ಎಲ್ಲರ ಮೇಲೆ ಹೆಡ್ ಸಿಸ್ಟರ್. ಗ್ರೀಕ್ ಹೆಂಗಸು, ಐವತ್ತು ದಾಟಿದವರು, ಇಸ್ತ್ರಿ ಮಾಡಿದ ಬಟ್ಟೆ, ಇಸ್ತ್ರಿ ಮಾಡಿದ ಮುಖ. ಒಂದು ಕಾಲದಲ್ಲಿ ಇವಳಿಗೂ ಅವರಿಗೂ ಒಂದೇ ಲೋಟದಲ್ಲಿ ಕಾಫಿ ಹಂಚಿಕೊಳ್ಳುವಷ್ಟು ಸಲಿಗೆ ಇತ್ತು. ಎರಡು ವರ್ಷದ ಹಿಂದೆ ಒಂದು ದಿನ ಅದು ಇದ್ದಕ್ಕಿದ್ದಂತೆ ಕಡಿದು ಬಿತ್ತು. ಯಾಕೆ ಎಂದು ಗೊತ್ತಿಲ್ಲ. ಅಂದಿನಿಂದ ಹೆಡ್ ಸಿಸ್ಟರ್ ಇವಳ ಜೊತೆ ಆಡುವ ಮಾತೆಲ್ಲ ಜ್ವರದ ಪಟ್ಟಿಯ ಮೇಲಿರುವಷ್ಟೇ: ಎಷ್ಟು, ಯಾವಾಗ, ಸಹಿ.

ಅದು ಹೆಂಡತಿಯ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. "ಈ ಈಸ್ಟರ್‌ಗೆ ವಾರ್ಡಿನವರನ್ನೆಲ್ಲ ಊಟಕ್ಕೆ ಕರೆಯೋಣ ರೀ. ಆ ನೆಪದಲ್ಲಾದರೂ ಅವರು ಒಂದು ಸಲ ನಮ್ಮ ಮನೆ ಮೆಟ್ಟಿಲು ಹತ್ತಿದರೆ ಸಾಕು. ನಾನು ಏನು ತಪ್ಪು ಮಾಡಿದೆ ಅಂತ ಕೇಳಿಬಿಡ್ತೀನಿ," ಎಂದಿದ್ದಳು.

ಹೀಗಾಗಿ ಕರೆಯುವ ಮಹಾಕಾರ್ಯ ಮಿಲಿಗ್ರಾಂ ಸಾಹೇಬರ ಹೆಗಲಿಗೆ ಬಿತ್ತು. ಬಿತ್ತು ಎನ್ನುವುದಕ್ಕಿಂತ, ಅವರೇ ಹೆಗಲು ಕೊಟ್ಟು ಅದರ ಕೆಳಗೆ ನುಗ್ಗಿದರು ಎನ್ನುವುದು ಸರಿ.

ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿಕೊಂಡಿತು. ಏಳು ಜನ ಅತಿಥಿಗಳು, ಏಳು ಸಾಲು. ಮೊದಲ ಕಾಲಂ, ಅತಿಥಿಯ ಭಾಷೆ. ಎರಡನೆಯದು, ಆ ಭಾಷೆಯಲ್ಲಿ ಹಬ್ಬದ ಹೆಸರು. ಮೂರನೆಯದು, ಹೆಸರಿನ ಅರ್ಥ. ಒಂದು ಹೆಸರನ್ನು ಮೂರು ನಿಘಂಟುಗಳಲ್ಲಿ ನೋಡದೆ ಹಾಳೆಗೆ ಇಳಿಸುವುದಿಲ್ಲ ಎಂಬ ಪ್ರತಿಜ್ಞೆ! ವಾರವಿಡೀ ಊಟವನ್ನು ಮೂರೂ ಜನ ತೊಡೆಯ ಮೇಲಿಟ್ಟುಕೊಂಡು ತಿಂದರು. ಮೂರನೆಯವರು ಅತ್ತೆ, ಅಂದರೆ ಹೆಂಡತಿಯ ತಾಯಿ. ಮಗಳ ಮನೆಯಲ್ಲೇ ಇರುವವರು. ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಆದರೆ ಕನ್ನಡದಲ್ಲಿ ಅವರು ಹೇಳಿದ್ದಕ್ಕೆ ಎದುರು ಹೇಳುವವರು ಇನ್ನೂ ಹುಟ್ಟಿಲ್ಲ.

"ಕೇಳಿ ಅತ್ತೆ. ಇರೋದು ಒಂದೇ ಹಬ್ಬ, ಆದರೆ ಹೆಸರುಗಳ ವೈಭವ ನೋಡಿ! ಎಕ್ಸ್‌ರೇ ತೆಗೆಯೋ ಜರ್ಮನ್ ಹುಡುಗಿಗೆ ಇದು ಓಸ್ಟರ್ನ್. ಮೂಡಣ ದಿಕ್ಕಿಗೂ ಅದಕ್ಕೂ ನಂಟಿದೆ ಅಂತ ಪಂಡಿತರ ಊಹೆ. ಔಷಧಿ ಕೊಡೋ ಪೋಲಿಷ್ ಹೆಂಗಸಿಗೆ ವಿಯೆಲ್ಕಾನೋತ್ಸ್. ಅಂದರೆ ಮಹಾ ರಾತ್ರಿ."

"ಹಗಲೂಟಕ್ಕೆ ಕರೆದು ಅವಳು ರಾತ್ರಿ ಬಂದರೆ?"

"ಹೆಸರು ಮಾತ್ರ ರಾತ್ರಿ ಅತ್ತೆ. ಊಟದ ಗಂಟೆ ಕಾರ್ಡಲ್ಲಿ ಬರೀತೀನಿ. ಇನ್ನು ಕೈಕಾಲು ವ್ಯಾಯಾಮ ಮಾಡಿಸೋ ಹಂಗೇರಿಯವಳಿಗೆ ಇದು ಹೂಶ್‌ವೇತ್. ಅಂದರೆ 'ಮಾಂಸ ತಗೊಳ್ಳೋದು'. ಉಪವಾಸ ಮುಗಿದು ಮಾಂಸ ಮುಟ್ಟೋ ದಿನ."

"ಆ ಭಾಷೆ ಚೆನ್ನಾಗಿದೆ," ಎಂದರು ಅತ್ತೆ. "ಸುತ್ತುಬಳಸು ಇಲ್ಲ."

"ಆಪರೇಷನ್ ಕೋಣೆಯ ಸರ್ಬಿಯಾದವಳಿಗೆ ವಾಸ್ಕ್ರ್ಸ್. ಅಂದರೆ ಪುನರುತ್ಥಾನ."

"ಅದನ್ನು ಹೇಳೋಕೆ ಬಾಯಲ್ಲಿ ಎಷ್ಟು ಹಲ್ಲು ಬೇಕು?"

"ರಕ್ತ ಪರೀಕ್ಷೆ ಮಾಡೋ ಇಥಿಯೋಪಿಯಾದವಳಿಗೆ ಫಾಸಿಕಾ. ನಮ್ಮ ಹೆಡ್ ಸಿಸ್ಟರ್‌ಗೆ ಪಾಸ್ಖಾ. ಈ ಎರಡೂ ಅಕ್ಕತಂಗಿಯರು. ಮೂಲ ಒಂದೇ, ಹೀಬ್ರೂವಿನ ಹಳೇ ಹೆಸರು. ಇನ್ನು ಎಲ್ಲರಿಗಿಂತ ಚಿಕ್ಕ ನರ್ಸ್, ಫಿಲಿಪೈನ್ಸ್‌ನವಳು. ಅವಳ ಭಾಷೆಯ ಹೆಸರು ರೈಲುಗಾಡಿಯಷ್ಟು ಉದ್ದ. ಪಾಸ್ಕೊ ನಾಂಗ್ ಪಾಗ್ಕಾಬುಹಾಯ್! ಕಾರ್ಡಿನ ಅಗಲ ಸಾಲೋದಿಲ್ಲ. ಮೊದಲ ಡಬ್ಬಿ ಇಟ್ಟುಕೊಂಡು ಉಳಿದದ್ದನ್ನ ಕಳಚಿಬಿಟ್ಟೆ."

ಹೆಂಡತಿ ಹಾಳೆಯ ಮೇಲೆ ಬಗ್ಗಿ ನೋಡಿದಳು. "ರೀ, ನಾಲ್ಕನೇ ಕಾಲಂ ತಾರೀಖಿಂದಲ್ವಾ? ಅದರಲ್ಲಿ ಅಡ್ಡಗೆರೆಗಳೇ ಇಲ್ಲ?"

"ಏಳು ಸಲ ಒಂದೇ ತಾರೀಖು ಯಾಕೆ ಬರೀಬೇಕು? ಏಳು ಮನೆಗಳನ್ನೂ ಒಡೆದು ಒಂದೇ ಮನೆ ಮಾಡಿ, ಮಧ್ಯದಲ್ಲಿ ಒಂದು ಸಲ ಬರೆದಿದ್ದೀನಿ. ಕಾರ್ಡಿನಲ್ಲಂತೂ ತಾರೀಖೇ ಬೇಡ."

"ತಾರೀಖಿಲ್ಲದ ಕಾರ್ಡಾ?"

ಸಾಹೇಬರು ಪೆನ್ನು ಕೆಳಗಿಟ್ಟರು. ಅವರು ಪೆನ್ನು ಕೆಳಗಿಟ್ಟರೆ ಉಪನ್ಯಾಸ ಶುರುವಾಯಿತು ಎಂದೇ ಅರ್ಥ.

"ನೋಡೇ, ಪ್ರಯೋಗಾಲಯದ ಮೊದಲ ಪಾಠ ಇದು. ಒಂದೇ ಸಂಗತಿಯನ್ನು ಎರಡು ಕಡೆ ಬರೆದರೆ, ಒಂದು ಕಡೆ ತಪ್ಪು ನುಸುಳುತ್ತೆ. ಹಬ್ಬದ ಹೆಸರು ಅಂದರೇನೇ ಒಂದು ತಾರೀಖು. ಹೆಸರು ಬರೆದು ಕೆಳಗೆ ತಾರೀಖನ್ನೂ ಬರೆಯೋದು, ಲೋಟದ ಮೇಲೆ 'ನೀರು' ಅಂತ ಬರೆದು ಪಕ್ಕದಲ್ಲಿ 'ಒದ್ದೆ' ಅಂತ ಬರೆದ ಹಾಗೆ. ಅವರ ಹಬ್ಬದ ತಾರೀಖು ಅವರಿಗೆ ಗೊತ್ತಿರಲ್ವಾ? ಓದುವವರ ಬುದ್ಧಿಗೆ ಅವಮಾನ!"

ಹೆಂಡತಿಗೆ ಎಲ್ಲೋ ಏನೋ ತಪ್ಪುತ್ತಿದೆ ಎನಿಸಿತು. ಆದರೆ ಬಿ.ಎಸ್ಸಿ. ಮೊದಲ ದರ್ಜೆಯ ಎದುರು 'ಏನೋ ಅನಿಸುತ್ತೆ' ಎಂಬ ವಾದ ನಿಲ್ಲುವುದುಂಟೆ!

ಕಾರ್ಡುಗಳು ತಯಾರಾದವು. ನಡುವೆ ಅವರವರ ಲಿಪಿಯಲ್ಲಿ, ಅಚ್ಚಿನಂಥ ಅಕ್ಷರದಲ್ಲಿ ಹಬ್ಬದ ಹೆಸರು. ಕೆಳಗೆ ಆಸ್ಪತ್ರೆಯ ಭಾಷೆಯಲ್ಲಿ ಎರಡು ಸಾಲು: "ಈ ಹಬ್ಬದ ದಿನ ನಮ್ಮ ಮನೆಯಲ್ಲಿ ಊಟ. ಮಧ್ಯಾಹ್ನ ಹನ್ನೆರಡೂವರೆಗೆ, ಐದು ನಿಮಿಷ ಹೆಚ್ಚು ಅಥವಾ ಕಡಿಮೆ." ಕೊನೆಯಲ್ಲಿ ಹೆಂಡತಿಯ ಸಹಿ. ಆಕೆ ಅವನ್ನು ಒಯ್ದು ಒಬ್ಬೊಬ್ಬರ ಬೀರುವಿನ ಸಂದಿಯಲ್ಲಿ ತೂರಿಸಿ ಬಂದಳು.

ಸಂಜೆ ಮನೆಗೆ ಬಂದವಳ ಮುಖದಲ್ಲಿ ದೀಪ ಹಚ್ಚಿದಂತಿತ್ತು.

"ರೀ! ಹೆಡ್ ಸಿಸ್ಟರ್ ಕಾರ್ಡನ್ನ ತುಂಬಾ ಹೊತ್ತು ನೋಡಿದರು. ಆಮೇಲೆ ಜೇಬಲ್ಲಿಟ್ಟುಕೊಂಡರು. ನನ್ನ ಹತ್ತಿರ ಬಂದು 'ಬರ್ತೀನಿ' ಅಂದರು. ಎರಡು ವರ್ಷದ ಮೇಲೆ ರೀ, ಜ್ವರದ ಪಟ್ಟಿಯಲ್ಲಿಲ್ಲದ ಒಂದು ಮಾತು!"

ಸಾಹೇಬರು ಎದ್ದರು. ಕನ್ನಡಿಯ ಮುಂದೆ ಹೋಗಿ ತಮ್ಮನ್ನು ತಾವೇ ಸ್ವಲ್ಪ ಹೊತ್ತು ಗೌರವದಿಂದ ನೋಡಿಕೊಂಡರು.

ಈಸ್ಟರ್ ಭಾನುವಾರ ಬಂತು. ಮೂರು ಕೋಳಿ ಒಲೆ ಏರಿ ಇಳಿದವು. ಎರಡು ಕೇಕ್ ಸಿಂಗಾರಗೊಂಡವು. ತಟ್ಟೆಯಿಂದ ತಟ್ಟೆಗೆ ಇರುವ ಅಂತರವನ್ನು ಸಾಹೇಬರು ಸ್ಕೇಲ್ ಹಿಡಿದು ಅಳೆದರು. ಹನ್ನೆರಡು ಇಪ್ಪತ್ತೆಂಟಕ್ಕೆ ಬಾಗಿಲ ಗಂಟೆ ಹೊಡೆಯಿತು. ಜರ್ಮನ್, ಪೋಲಿಷ್, ಹಂಗೇರಿಯನ್, ಮೂರೂ ಜನ ಹೂಗುಚ್ಛ ಹಿಡಿದು ನಿಂತಿದ್ದರು.

ಹನ್ನೆರಡೂ ಮೂವತ್ತೈದು. ಮಿತಿ ಮುಗಿಯಿತು. ಒಂದು ಗಂಟೆ. ಒಂದೂವರೆ. ಹೆಂಡತಿ ನಗುನಗುತ್ತಾ ಬಡಿಸಿದಳು. ಪ್ರತಿ ಸಲ ಲಿಫ್ಟ್ ಬಾಗಿಲು ಸದ್ದಾದಾಗಲೂ ಅವಳ ಕೈಯ ಸೌಟು ಒಂದು ಕ್ಷಣ ಗಾಳಿಯಲ್ಲೇ ನಿಲ್ಲುತ್ತಿತ್ತು. ನಾಲ್ಕು ಕುರ್ಚಿ ಖಾಲಿಯಾಗೇ ಉಳಿದವು. ಅವುಗಳಲ್ಲಿ ಒಂದು ಮೇಜಿನ ತಲೆಗಿದ್ದದ್ದು, ಹೆಡ್ ಸಿಸ್ಟರ್‌ಗೆಂದು ದಿಂಬು ಹಾಕಿ ಇಟ್ಟದ್ದು.

ಬಂದ ಮೂವರು ಹೋದ ಮೇಲೆ ಅವಳು ಆ ದಿಂಬನ್ನು ತೆಗೆದು ಒಳಗಿಟ್ಟಳು.

"ನಾಳೆ ಕೇಳು, ಯಾಕೆ ಬರಲಿಲ್ಲ ಅಂತ," ಎಂದರು ಸಾಹೇಬರು.

"ಕೇಳಲ್ಲ. ಕರೆಯೋದು ನನ್ನ ಕೆಲಸ, ಬರೋದು ಅವರಿಷ್ಟ. ಯಾಕೆ ಬರಲಿಲ್ಲ ಅಂತ ಕೇಳೋಷ್ಟು ಸಣ್ಣವಳಾಗಲ್ಲ. ಇನ್ನು ಈ ಮಾತು ಈ ಮನೇಲಿ ಎತ್ತಬೇಡಿ."

ಆದರೆ ಮರುದಿನ ಅವಳೇ ಎತ್ತಿದಳು. ಚಪ್ಪಲಿ ಬಿಡುವುದಕ್ಕೂ ಮೊದಲೇ ಎತ್ತಿದಳು.

"ರೀ, ಏನಂದರು ಗೊತ್ತಾ ಹೆಡ್ ಸಿಸ್ಟರ್? ಬರಲಿಲ್ಲ, ಯಾಕೆ ಅಂತ ಹೇಳಲಿಲ್ಲ. ಕಾರಿಡಾರಿನಲ್ಲಿ ಎದುರಿಗೆ ಸಿಕ್ಕರು. ಒಂದು ಥರಾ ನಕ್ಕರು. ನಕ್ಕು, 'ಇನ್ನು ಐದೇ ವಾರ' ಅಂದು ಹೋಗಿಬಿಟ್ಟರು!"

"ಐದು ವಾರ? ಯಾವುದಕ್ಕೆ?"

"ಇನ್ಯಾವುದಕ್ಕೆ! ನನ್ನನ್ನ ಈ ವಾರ್ಡಿನಿಂದ ಎತ್ತಂಗಡಿ ಮಾಡಿಸೋದಕ್ಕೆ!"

ಸಾಹೇಬರು ಹೊಸ ಹಾಳೆ ತೆಗೆದರು. ಐದು ವಾರ ಎಂದರೆ ಮೂವತ್ತೈದು ದಿನ. ಹೆಡ್ ಸಿಸ್ಟರ್ ನಿವೃತ್ತಿಗೆ? ಇಲ್ಲ, ಇನ್ನೂ ಆರು ವರ್ಷವಿದೆ. ಆಸ್ಪತ್ರೆಯ ತಪಾಸಣೆಗೆ? ಅದು ಮೊನ್ನೆ ಮುಗಿಯಿತು. ಹನ್ನೊಂದು ಊಹೆಗಳನ್ನು ಬರೆದರು, ಹನ್ನೊಂದನ್ನೂ ಹೊಡೆದು ಹಾಕಿದರು. ಕೊನೆಗೆ ಉಳಿದದ್ದು ಹೆಂಡತಿಯ ಊಹೆಯೊಂದೇ.

"ವಿಜ್ಞಾನದ ಪ್ರಕಾರ ನೀನು ಹೇಳಿದ್ದೇ ಸರಿ ಅನಿಸುತ್ತೆ," ಎಂದರು ಭಾರವಾದ ದನಿಯಲ್ಲಿ.

ಅವಳಿಗೆ ಅಷ್ಟೇ ಸಾಕಾಗಿತ್ತು. ಒಂದು ವಾರ ಅತ್ತಳು, ಎರಡು ವಾರ ಸಿಟ್ಟು ಮಾಡಿದಳು, ನಾಲ್ಕನೇ ವಾರ ನಿರ್ಧಾರ ಮಾಡಿದಳು. ಅವರು ಎತ್ತಿ ಹಾಕುವ ಮೊದಲು ತಾನೇ ಎದ್ದು ಹೋಗುವುದು! ಆಸ್ಪತ್ರೆಯ ಇನ್ನೊಂದು ಕಟ್ಟಡಕ್ಕೆ ವರ್ಗ ಕೇಳಿ ಅರ್ಜಿ ಬರೆದಳು. ಒಂಬತ್ತು ವರ್ಷ ಕೆಲಸ ಮಾಡಿದ ವಾರ್ಡು. ಅರ್ಜಿಯ ಕರಡನ್ನು ಸಾಹೇಬರು ನಾಲ್ಕು ಸಲ ತಿದ್ದಿಕೊಟ್ಟರು. ತಿದ್ದುವಾಗ ಅವರ ಕಣ್ಣೂ ಒಂದೆರಡು ಸಲ ಮಂಜಾಯಿತು, ಕನ್ನಡಕ ಒರೆಸಿಕೊಂಡರು. ಸೋಮವಾರ ಬೆಳಿಗ್ಗೆ ಕೊಡುವುದೆಂದು ಅರ್ಜಿಯನ್ನು ನಡುಮನೆಯ ಶೆಲ್ಫಿನ ಮೇಲಿಟ್ಟಳು.

ಆ ಸೋಮವಾರದ ಹಿಂದಿನ ಭಾನುವಾರ.

ಸಾಹೇಬರು ಹಳೇ ಬನಿಯನ್ ತೊಟ್ಟು ನಡುಮನೆಯಲ್ಲಿ ಕೂತಿದ್ದರು. ಊಟದ ಮೇಜು ಎಡಕ್ಕೆ ಎರಡು ಮಿಲಿಮೀಟರ್ ವಾಲುತ್ತಿದೆ ಎಂದು ಅದನ್ನು ಬೋರಲು ಹಾಕಿ, ಒಂದು ಕಾಲು ಕಳಚಿ ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತಿದ್ದರು. ಹೆಂಡತಿ ಮನೆಯ ಪರದೆಗಳನ್ನೆಲ್ಲ ಒಗೆಯಲು ಹಾಕಿದ್ದಳು. ಕುರ್ಚಿಗಳ ಮೇಲೆಲ್ಲ ಒದ್ದೆ ಬಟ್ಟೆ. ಅಡುಗೆಮನೆಯಲ್ಲಿ ಮೂರು ಜನಕ್ಕಾಗುವಷ್ಟು ಸೂಪು, ಅರ್ಧ ಬ್ರೆಡ್ಡು.

ಬಾಗಿಲ ಗಂಟೆ ಹೊಡೆಯಿತು. ಸಾಹೇಬರು ಅಭ್ಯಾಸಬಲದಿಂದ ಗಡಿಯಾರ ನೋಡಿದರು. ಹನ್ನೆರಡು ಇಪ್ಪತ್ತೇಳು.

ಮೇಜಿನ ಕಾಲನ್ನು ಗದೆಯಂತೆ ಹೆಗಲಿಗೇರಿಸಿಕೊಂಡೇ ಹೋಗಿ ಬಾಗಿಲು ತೆರೆದರು.

ಹೊರಗೆ ಹೆಡ್ ಸಿಸ್ಟರ್! ರೇಷ್ಮೆಯ ಉಡುಪು, ಕಿವಿಯಲ್ಲಿ ಮುತ್ತು, ಕೈಯಲ್ಲಿ ಬಟ್ಟೆ ಸುತ್ತಿದ ಹಬೆಯಾಡುವ ದೊಡ್ಡ ಪಾತ್ರೆ. ಹಿಂದೆ ಸರ್ಬಿಯಾ, ಇಥಿಯೋಪಿಯಾ, ಇಬ್ಬರೂ ಮದುವೆಗೆ ಹೊರಟವರ ಹಾಗೆ ಸಿಂಗರಿಸಿಕೊಂಡು, ಬುಟ್ಟಿ ಹಿಡಿದು ನಿಂತಿದ್ದಾರೆ.

"ಮೂರು ನಿಮಿಷ ಮುಂಚೆ ಬಂದೆವು," ಎಂದರು ಹೆಡ್ ಸಿಸ್ಟರ್. "ಐದು ನಿಮಿಷದ ಒಳಗೇ ಇದೆ ತಾನೆ?"

ಸಾಹೇಬರು ಬಗ್ಗಿ ತಮ್ಮ ಎದೆ ನೋಡಿಕೊಂಡರು. ಬನಿಯನ್ನಿನ ತೂತನ್ನು ಮೇಜಿನ ಕಾಲಿನಿಂದ ಮುಚ್ಚಿಕೊಂಡು ಪಕ್ಕಕ್ಕೆ ಸರಿದರು.

ಒಳಗಿನಿಂದ ಹೆಂಡತಿ ಬಂದಳು. ಕೈಯಲ್ಲಿ ಹಿಂಡುತ್ತಿದ್ದ ಪರದೆ. ನೋಡಿದಳು, ನಿಂತಳು. ಪರದೆಯಿಂದ ನೀರು ತೊಟ್ಟಿಕ್ಕುತ್ತಾ ಹೋಯಿತು.

ಹೆಡ್ ಸಿಸ್ಟರ್ ಪಾತ್ರೆಯನ್ನು ಜೊತೆಯವಳ ಕೈಗೆ ಕೊಟ್ಟು, ನೇರ ನಡೆದು ಬಂದು, ಒದ್ದೆ ಪರದೆಯ ಸಮೇತ ಅವಳನ್ನು ತಬ್ಬಿಕೊಂಡರು!

"ಈ ಊರಿಗೆ ಬಂದು ನನಗೆ ಹದಿನಾಲ್ಕು ವರ್ಷ," ಎಂದರು ಹೆಡ್ ಸಿಸ್ಟರ್. ಇಸ್ತ್ರಿ ಮಾಡಿದ ಮುಖದಲ್ಲಿ ಸಣ್ಣ ಸುಕ್ಕೊಂದು ಕಾಣಿಸಿತು. "ಪ್ರತಿ ವರ್ಷ ಎಲ್ಲರೂ ಅವರ ಹಬ್ಬದ ದಿನ ನನಗೆ ಶುಭಾಶಯ ಹೇಳ್ತಾರೆ. ನಾನೂ ಥ್ಯಾಂಕ್ಸ್ ಅಂತೀನಿ. ನನ್ನ ಹಬ್ಬ ಬಂದಾಗ ನೋಡಿದರೆ ಊರಿಗೆ ಊರೇ ಬಟ್ಟೆ ಒಗೀತಾ ಇರುತ್ತೆ. ಎರಡು ವರ್ಷದ ಹಿಂದೆ ಇದೇ ಭಾನುವಾರಕ್ಕೆ ನಿನ್ನ ಹತ್ತಿರ ಡ್ಯೂಟಿ ಬದಲು ಕೇಳಿದೆ. ನೀನು ನಗ್ತಾ, 'ಹಬ್ಬ ಮುಗಿದೇ ಹೋಯ್ತಲ್ಲ ಸಿಸ್ಟರ್, ಇನ್ಯಾವುದಕ್ಕೆ ರಜೆ' ಅಂದೆ. ನೆನಪಿದೆಯಾ?"

ಹೆಂಡತಿಯ ಮುಖ ನೋಡಿದರೆ ನೆನಪು ಈಗ ತಾನೇ ಬಾಗಿಲು ಒಡೆದುಕೊಂಡು ಒಳಗೆ ಬಂದಂತಿತ್ತು.

"ಆ ದಿನ ಇಡೀ ಹಗಲು ಡ್ಯೂಟಿ ಮಾಡಿದೆ. ಮನೆಗೆ ಹೋಗಿ ಒಬ್ಬಳೇ ಊಟ ಮಾಡಿದೆ. ನಿನ್ನ ಮೇಲೆ ಕೋಪ ಬಂತು. ಹೇಳಿಕೊಳ್ಳೋಕೆ ನಾಚಿಕೆ, ಬಿಡೋಕೆ ಮನಸ್ಸಿಲ್ಲ. ಆಮೇಲೆ ಈ ಕಾರ್ಡು ಬಂತು." ಜೇಬಿನಿಂದ ಕಾರ್ಡು ತೆಗೆದರು. ಮಡಿಕೆಗಳು ಸವೆದಿದ್ದವು. "ನನ್ನ ಲಿಪಿಯಲ್ಲಿ, ನನ್ನ ಹಬ್ಬದ ಹೆಸರು. ಕೆಳಗೆ ತಾರೀಖಿಲ್ಲ! ಗೊತ್ತಿಲ್ಲದವರು ತಾರೀಖು ಬರೀತಾರೆ, ತಮ್ಮ ತಾರೀಖು ಬರೀತಾರೆ. ಗೊತ್ತಿರೋರಿಗೆ ತಾರೀಖು ಯಾಕೆ? 'ನಿಮ್ಮ ಪಾಸ್ಖಾ ಯಾವತ್ತೋ ಅವತ್ತು ಬನ್ನಿ' ಅಂತ ಕರೆದ ಹಾಗಿತ್ತು. ಯಾರು ಬರೆದದ್ದು ಇದನ್ನ?"

"ನಮ್ಮ... ನಮ್ಮೆಜಮಾನರು," ಎಂದಳು ಹೆಂಡತಿ.

ಮೂರೂ ಜನ ಸಾಹೇಬರ ಕಡೆ ತಿರುಗಿದರು. ಆರು ಕಣ್ಣುಗಳಲ್ಲಿ ಅಭಿಮಾನ! ಇಪ್ಪತ್ತೆರಡು ವರ್ಷ ಉಸಿರು ಹಿಡಿದು ತೂಗಿದರೂ ಸಿಗದ ಗೌರವ ಇಂದು ತೂತು ಬನಿಯನ್ನಿನಲ್ಲಿ ನಿಂತಾಗ ಹುಡುಕಿಕೊಂಡು ಬಂದಿತ್ತು.

ಸಾಹೇಬರ ತಲೆಯೊಳಗೆ ಆಗ ಸಿಡಿಲು ಹೊಡೆದಿತ್ತು. ಐದು ವಾರ! ಹಳೆಯ ಪಂಚಾಂಗ, ಹೊಸ ಪಂಚಾಂಗ! ವಸಂತದಲ್ಲಿ ಹಗಲು ರಾತ್ರಿ ಸಮವಾದ ಮೇಲೆ ಬರುವ ಹುಣ್ಣಿಮೆ, ಅದರ ನಂತರದ ಭಾನುವಾರ. ಲೆಕ್ಕ ಒಂದೇ, ಆದರೆ ಇವರ ಚರ್ಚು ಅದನ್ನು ಹಳೆಯ ಪಂಚಾಂಗ ಹಿಡಿದು ಎಣಿಸುತ್ತದೆ! ಹೆಸರುಗಳನ್ನು ಏಳು ಸಾಲಿನಲ್ಲಿ ಬರೆದು, ತಾರೀಖಿನ ಏಳು ಮನೆಗಳನ್ನು ಒಡೆದು ಒಂದು ಮಾಡಿದ ಕೈ ಯಾವುದು! ಇದೇ ಕೈ!

ಆದರೆ ಮೆಚ್ಚುಗೆ ಎಂಬುದು ಬಿಸಿ ಬಿಸಿ ಬ್ರೆಡ್ಡಿನ ವಾಸನೆಯಂಥದು. ಬೇಡ ಎನ್ನುವ ಮೊದಲೇ ಮೂಗು ಅತ್ತ ತಿರುಗಿರುತ್ತದೆ. ಸಾಹೇಬರು ಮೇಜಿನ ಕಾಲನ್ನು ಊರಿಕೊಂಡು ನಿಂತು, ಗಂಟಲು ಸರಿಮಾಡಿಕೊಂಡರು.

"ಹ್ಞೂಂ. ಅದು ಸ್ವಲ್ಪ ಖಗೋಳದ ಲೆಕ್ಕ. ಎರಡು ಪಂಚಾಂಗಗಳಿಗೆ ಈಗ ಹದಿಮೂರು ದಿನದ ಅಂತರ. ಅದರ ಮೇಲೆ ಹುಣ್ಣಿಮೆಯ ಎಣಿಕೆಯೂ ಬೇರೆ ಬೇರೆ. ಸಾಮಾನ್ಯ ಜನ ಇಷ್ಟು ಆಳಕ್ಕೆ ಇಳಿಯೋದಿಲ್ಲ..."

"ನಿನ್ನ ಗಂಡ ವಿದ್ವಾಂಸರು!" ಎಂದರು ಹೆಡ್ ಸಿಸ್ಟರ್.

ಹೆಂಡತಿ ಗಂಡನನ್ನು ನೋಡಿದಳು. ಆ ನೋಟವನ್ನು ಯಾವ ತಕ್ಕಡಿಯಲ್ಲಿಟ್ಟರೂ ಮುಳ್ಳು ಮುರಿಯುತ್ತಿತ್ತು. ಆದರೆ ಅವಳ ಕಣ್ಣು ತುಂಬಿತ್ತು, ಖುಷಿಯಿಂದ. ಕುರ್ಚಿಗಳ ಮೇಲಿನ ಬಟ್ಟೆ ಎತ್ತತೊಡಗಿದಳು.

ಅತ್ತೆ ಆಗಲೇ ಅಡುಗೆಮನೆಯ ಚುಕ್ಕಾಣಿ ಹಿಡಿದಿದ್ದರು. "ಅಳಿಯಂದಿರೇ, ಖಗೋಳ ಆಮೇಲೆ. ಮೊದಲು ಆ ಮೇಜಿಗೆ ಕಾಲು ಕೊಡಿ, ನಿಮ್ಮ ಮೈಗೆ ಅಂಗಿ ಕೊಡಿ!" ಮೂರು ಜನರ ಸೂಪು ಕ್ಷಣಾರ್ಧದಲ್ಲಿ ಆರು ಜನರ ಸೂಪಾಯಿತು. ಬುಟ್ಟಿಗಳಿಂದ ಬ್ರೆಡ್ಡು, ಮೊಟ್ಟೆ, ಹಣ್ಣು ಹೊರಬಿದ್ದವು. ಸಾಹೇಬರು ಅಂಗಿ ತೊಟ್ಟು, ಮೇಜನ್ನು ಎಬ್ಬಿಸಿ ನಿಲ್ಲಿಸಿದರು. ಈಗ ಅದು ಬಲಕ್ಕೆ ವಾಲುತ್ತಿತ್ತು. ಸರ್ಬಿಯಾದವಳು ಒಂದು ಬ್ರೆಡ್ಡಿನ ಚೂರನ್ನು ಕಾಲಿನ ಕೆಳಗಿಟ್ಟು ಸರಿಮಾಡಿದಳು. ಎಲ್ಲರೂ ಕೂತರು. ಹೆಡ್ ಸಿಸ್ಟರ್ ಮೇಜಿನ ತಲೆಗೆ. ಹೆಂಡತಿ ಒಳಗಿನಿಂದ ದಿಂಬು ತಂದು ಹಾಕಿದಳು.

ಅತ್ತೆ ಹಬೆಯಾಡುವ ಮಾಂಸದ ಪಾತ್ರೆಯನ್ನು ತಂದರು. ತುಂಬಾ ಬಿಸಿ, ಮೇಜು ಸುಟ್ಟೀತು. ಸುತ್ತ ನೋಡಿದರು. ಶೆಲ್ಫಿನ ಮೇಲೆ ದಪ್ಪನೆಯ ಕಾಗದವೊಂದು ಕಂಡಿತು. ಎಳೆದು ಮೇಜಿನ ಮೇಲೆ ಹಾಕಿ, ಅದರ ಮೇಲೆ ಪಾತ್ರೆ ಕುಕ್ಕಿದರು.

ಸಾಹೇಬರು ನೋಡಿದರು. ಹೆಂಡತಿಯೂ ನೋಡಿದಳು. ವರ್ಗಾವಣೆಯ ಅರ್ಜಿ!

"ಅಮ್ಮಾ, ಅದು..." ಎಂದಳು ಹೆಂಡತಿ.

"ಒರೆಸಿದ ಕಾಗದವೇ ಕಣೇ, ಧೂಳಿಲ್ಲ," ಎಂದರು ಅತ್ತೆ.

ಬಡಿಸುವುದಕ್ಕೆಂದು ಹೆಡ್ ಸಿಸ್ಟರ್ ಎದ್ದು ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಅರ್ಜಿ ಅರ್ಧ ಹೊರಗೆ ಬಂತು. ಮೇಲ್ಗಡೆ ಅವರದೇ ಹುದ್ದೆಯ ಹೆಸರು. ಯಾರಾದರೂ ತಮ್ಮ ಹೆಸರಿಗಿರುವ ಕಾಗದವನ್ನು ಓದದೆ ಬಿಡುತ್ತಾರೆಯೇ! ಓದಿದರು. ಸುಕ್ಕು ಮಾಯವಾಗಿ ಮುಖಕ್ಕೆ ಮತ್ತೆ ಇಸ್ತ್ರಿ ಬಿತ್ತು.

"ನನ್ನ ಕೈಕೆಳಗೆ ಕೆಲಸ ಮಾಡೋಕೆ ಇಷ್ಟವಿಲ್ಲ ಅಂತ ಬರೆದಿದ್ದೀಯ," ಎಂದರು ಮೆಲ್ಲಗೆ. "ಊಟಕ್ಕೂ ಕರೆದು, ಇದನ್ನೂ ಬರೆದಿಟ್ಟಿದ್ದೀಯ. ಹಬ್ಬದ ದಿನ ಕೈಯಲ್ಲಿ ಕೊಡೋಣ ಅಂತಲೋ?"

"ಅಯ್ಯೋ ಇಲ್ಲ ಸಿಸ್ಟರ್, ಹಾಗಲ್ಲ..." ಎಂದಳು ಹೆಂಡತಿ. ಹೇಗಲ್ಲ ಎಂದು ಹೇಳಬೇಕಾದರೆ ಗಂಡನ ವಿದ್ವತ್ತನ್ನು ಬೀದಿಗೆ ತರಬೇಕು. ಅವಳು ಗಂಡನ ಕಡೆ ನೋಡಿದಳು, ತುಟಿ ಕಚ್ಚಿಕೊಂಡಳು, ಸುಮ್ಮನಾದಳು. ಗಂಡನ ಮರ್ಯಾದೆ ಉಳಿಸಲು ತನ್ನ ವಾರ್ಡನ್ನೇ ಬಿಟ್ಟುಕೊಡಲು ನಿಂತಿದ್ದಳು!

ಹೆಡ್ ಸಿಸ್ಟರ್ ಪಾತ್ರೆಯ ಬಟ್ಟೆ ಮಡಚತೊಡಗಿದರು.

ಸಾಹೇಬರು ಎದ್ದು ನಿಂತರು. ಫ್ಯಾನ್ ಆರಿಸಿದರು. ಯಾಕೆ ಆರಿಸಿದರೋ ಅವರಿಗೇ ಗೊತ್ತಿಲ್ಲ.

"ಸಿಸ್ಟರ್, ಕೂತ್ಕೊಳ್ಳಿ. ತಪ್ಪು ನನ್ನದು. ನಿಮ್ಮ ಹಬ್ಬ ಬೇರೆ ದಿನ ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ."

"ಮತ್ತೆ ಹದಿಮೂರು ದಿನ? ಹುಣ್ಣಿಮೆ?"

"ಅದೆಲ್ಲ ಹೊಳೆದದ್ದು ಬಾಗಿಲಲ್ಲಿ ನಿಮ್ಮನ್ನು ನೋಡಿದ ಮೇಲೆ. ಹೆಸರು ಏಳಿದ್ದರೂ ದಿನ ಒಂದೇ ಅಂದುಕೊಂಡೆ. ತಾರೀಖು ಬರೆಯೋದು ಬುದ್ಧಿವಂತರಿಗೆ ಅವಮಾನ ಅಂತ ಉಪನ್ಯಾಸ ಬೇರೆ ಕೊಟ್ಟೆ. ಐದು ವಾರದ ಹಿಂದೆ ಇವಳು ಮೂರು ಕೋಳಿ ಬೇಯಿಸಿ, ಆ ದಿಂಬು ಹಾಕಿ, ನಿಮಗೋಸ್ಕರ ಒಂದೂವರೆವರೆಗೆ ಬಾಗಿಲು ನೋಡ್ತಾ ಇದ್ದಳು. ನೀವು ಬರಲಿಲ್ಲ. ಮರುದಿನ 'ಐದೇ ವಾರ' ಅಂದಿರಿ. ಅದು ಇವಳನ್ನ ಎತ್ತಂಗಡಿ ಮಾಡಿಸೋ ಗಡುವು ಅಂತ ನಾನೇ ವಿಜ್ಞಾನದ ಪ್ರಕಾರ ಸಾಧಿಸಿ ತೋರಿಸಿದೆ. ಈ ಅರ್ಜಿ ಹುಟ್ಟಿದ್ದು ಹಾಗೆ."

ಸರ್ಬಿಯಾದವಳು ಮೊಟ್ಟೆಯನ್ನು ಬಾಯ ಹತ್ತಿರ ಹಿಡಿದುಕೊಂಡೇ ಇದ್ದಳು.

ಆಗ ಇಥಿಯೋಪಿಯಾದವಳು ಮೆಲ್ಲಗೆ ಕೇಳಿದಳು: "ಹಾಗಾದರೆ ನಮ್ಮ ಫಿಲಿಪೈನ್ಸ್ ಹುಡುಗಿಯ ಕಥೆ ಏನು?"

ಹೆಂಡತಿ ಬೆಚ್ಚಿದಳು. ಅವಳೂ ಅವತ್ತು ಬಂದಿರಲಿಲ್ಲವಲ್ಲ! "ಅವಳ ಹಬ್ಬವೂ ಬೇರೆ ದಿನವೇ?"

"ಇಲ್ಲ, ಇಲ್ಲ. ಆದರೆ ಅವಳ ಕಾರ್ಡಿನಲ್ಲಿ ಬರೀ 'ಪಾಸ್ಕೊ' ಅಂತಿದೆಯಂತೆ. ಅವರ ಭಾಷೆಯಲ್ಲಿ ಬರೀ ಪಾಸ್ಕೊ ಅಂದರೆ ಕ್ರಿಸ್‌ಮಸ್. ಒಂಬತ್ತು ತಿಂಗಳ ಮುಂಚೆಯೇ ಊಟಕ್ಕೆ ಕರೆಯೋ ಇಂಥ ಶಿಸ್ತಿನ ಜನ ಎಲ್ಲೂ ಇಲ್ಲ ಅಂತ ಊರಿಗೆಲ್ಲ ಹೇಳ್ತಾ ಇದ್ದಾಳೆ. ಡಿಸೆಂಬರಿಗೆ ರಜೆ ಚೀಟಿಯೂ ಕೊಟ್ಟಾಯ್ತು."

ಅತ್ತೆಗೆ ಮಗಳು ಕನ್ನಡದಲ್ಲಿ ಎಲ್ಲವನ್ನೂ ಹೇಳಿದಳು. ಅತ್ತೆ ಪೂರ್ತಿ ಕೇಳಿ, ಅಳಿಯನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಒಂದು ಊಟಕ್ಕೆ ಕರೀರಿ ಅಂದರೆ ವರ್ಷಪೂರ್ತಿ ಛತ್ರ ನಡೆಸೋ ಏರ್ಪಾಡು ಮಾಡಿದ್ದೀರಲ್ಲ ಅಳಿಯಂದಿರೇ!" ಎಂದರು.

ಆ ಮಾತು ಹೆಡ್ ಸಿಸ್ಟರ್‌ಗೆ ಅರ್ಥವಾಗಲಿಲ್ಲ. ಆದರೆ ಹೇಳಿದ ಧಾಟಿ ಅರ್ಥವಾಯಿತು. ಮೊದಲು ಅವರ ಭುಜ ಅಲುಗಿತು. ಆಮೇಲೆ ಮುತ್ತಿನ ಓಲೆ ಅಲುಗಿತು. ಆಮೇಲೆ ಆ ಇಸ್ತ್ರಿ ಮುಖ ಒಮ್ಮೆಗೇ ಸುಕ್ಕುಸುಕ್ಕಾಗಿ, ಹದಿನಾಲ್ಕು ವರ್ಷದಲ್ಲಿ ಆ ವಾರ್ಡಿನವರು ಯಾರೂ ಕೇಳದ ನಗು ಹೊರಟಿತು! ಕಣ್ಣೀರು ಬರುವಷ್ಟು ನಕ್ಕು, ದಿಂಬಿನ ಮೇಲೆ ಕುಸಿದು ಕೂತರು. ಹೆಂಡತಿಯ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಗೊತ್ತಿಲ್ಲದೆ ಆಡಿದ ಮಾತಿಗೆ ಎರಡು ವರ್ಷ ಕೋಪ ಮಾಡಿಕೊಂಡೆ. ಗೊತ್ತಿಲ್ಲದೆ ಬರೆದ ಕಾರ್ಡಿಗೆ ಐದು ವಾರ ಸಂತೋಷಪಟ್ಟೆ. ಹೋಗಲಿ, ಇನ್ನು ಗೊತ್ತಾಯ್ತಲ್ಲ!" ಎಂದರು. ಆಮೇಲೆ ಹೆಂಡತಿಯ ಕಿವಿಯ ಹತ್ತಿರ ಬಾಗಿ, "ಒಂದು ಮಾತು. ಹೆಂಡತಿಗೋಸ್ಕರ ಎಲ್ಲರ ಎದುರು ನಿಂತು 'ತಪ್ಪು ನನ್ನದು' ಅನ್ನೋ ಗಂಡ ಯಾವ ಪಂಚಾಂಗದಲ್ಲೂ ಸಿಗೋದಿಲ್ಲ," ಎಂದರು.

ಹೆಂಡತಿ ಗಂಡನನ್ನು ನೋಡಿದಳು. ಈ ಸಲದ ನೋಟಕ್ಕೆ ಸಾಹೇಬರ ಎದೆ ಮತ್ತೆ ನಾಲ್ಕು ಅಂಗುಲ ಉಬ್ಬಿತು. ಫ್ಯಾನ್ ಹಾಕಿದರು. ಎಲ್ಲ ಸುಖಾಂತವಾಯಿತು, ತಾನೂ ಒಂದು ಬಗೆಯ ವೀರನೇ ಎಂದುಕೊಳ್ಳುತ್ತಾ ಕುರ್ಚಿಗೆ ಒರಗಿದರು.

ಹೆಡ್ ಸಿಸ್ಟರ್ ಮಾತ್ರ ಇನ್ನೂ ಮುಗಿಸಿರಲಿಲ್ಲ. ಮಾಂಸದ ಪಾತ್ರೆಯನ್ನು ಸರಿಸಿ, ಅದರ ಅಡಿಯ ದುಂಡು ಗುರುತು ಬಿದ್ದಿದ್ದ ಅರ್ಜಿಯನ್ನು ಎಳೆದುಕೊಂಡರು. ಪರ್ಸಿನಿಂದ ಪೆನ್ನು ತೆಗೆದು ಅರ್ಜಿಗೆ ಅಡ್ಡಲಾಗಿ ದೊಡ್ಡ ಅಕ್ಷರದಲ್ಲಿ ಬರೆದರು: "ತಿರಸ್ಕರಿಸಲಾಗಿದೆ." ಕೆಳಗೆ ಸಹಿ ಹಾಕಿದರು. ಸಹಿಯ ಕೆಳಗೆ ಇನ್ನೇನೋ ನಿಧಾನವಾಗಿ, ಒಂದೊಂದೇ ಅಂಕಿಯನ್ನು ದುಂಡಗೆ ಬರೆದು, ಅಡಿಗೆರೆ ಎಳೆದು, ಕಾಗದವನ್ನು ಸಾಹೇಬರ ಕಡೆ ತಿರುಗಿಸಿ ಹಿಡಿದರು.

"ನೋಡಿ ಸಾರ್," ಎಂದರು ಅತ್ಯಂತ ಮರ್ಯಾದೆಯಿಂದ. "ತಾರೀಖು ಅಂದರೆ ಇದು."